ಕೋಶ ಹೋಯಿತು; ಕ್ಯಾಮರಾವೂ ಹೋಗಬೇಕೆ?

ಅಜ್ಜನ ಕಾಲದ ಫಿಲ್ಮ್ ಕ್ಯಾಮರಾವೊಂದನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಉಳಿಸಿಕೊಂಡಿರುವ ಮನೆಗಳು ನಮ್ಮ ನಾಡಿನಲ್ಲಿ ಇನ್ನೂ ಇವೆ. ಅದರ ಮಸೂರ ನಿರ್ಮಲವಾಗಿರುತ್ತದೆ. ಷಟರ್ ಸರಿಯಾಗಿ ತೆರೆದು ಮುಚ್ಚುತ್ತದೆ. ಬೆಳಕುಮಾಪಕದ ಮುಳ್ಳು ಮಾತ್ರ ಅಲುಗದು. ಅದಕ್ಕೆ ತಕ್ಕ ಬ್ಯಾಟರಿ ಈಗ ಸಿಗುವುದಿಲ್ಲವೆಂಬ ಒಂದೇ ಮಾತಿನಿಂದ ಆ ಉಪಕರಣವು ಗುಜರಿಯವನ ತಕ್ಕಡಿಗೆ ಏರುತ್ತದೆ. ಇದು ಅವಸರದ ತೀರ್ಪೆಂದು ನಮ್ಮ ಅಭಿಪ್ರಾಯ. ಹಿಡಿಸಿದ ಯಾವುದೋ ಬಿಲ್ಲೆಕೋಶವನ್ನು ತುರುಕಿ, ಮುಳ್ಳು ಅಲುಗಿದೊಡನೆ ಕೆಲಸವಾಯಿತೆಂದು ತೃಪ್ತಿಪಡುವುದೂ ಅಷ್ಟೇ ಅವಸರದ್ದು.

1966ರ ಮಿನೋಲ್ಟಾ ಎಸ್‌ಆರ್‌ಟಿ 101ರಂಥ ಕ್ಯಾಮರಾಗಳು ಪಾದರಸದ ಕೋಶವನ್ನು ನಂಬಿ ಹುಟ್ಟಿದವು. ಆ ಕೋಶದಲ್ಲಿ ಸತುವು ಪಾದರಸದ ಆಕ್ಸೈಡಿನಿಂದ ಆಕ್ಸಿಜನ್ನನ್ನು ಪಡೆಯುತ್ತದೆ. ನಡುವಣ ಕ್ಷಾರದ್ರಾವಣವು ಒಟ್ಟಿನಲ್ಲಿ ವ್ಯಯವಾಗುವುದಿಲ್ಲ. ಆದುದರಿಂದ ಅದರ ವೋಲ್ಟೇಜು ಆದಿಯಿಂದ ಬಹುಮಟ್ಟಿಗೆ ಅಂತ್ಯದವರೆಗೂ 1.35ರಲ್ಲಿಯೇ ನಿಲ್ಲುತ್ತದೆ. ಈ ಸ್ಥಿರತೆಯನ್ನೇ ಅಳತೆಗೋಲಾಗಿಟ್ಟುಕೊಂಡು ತಯಾರಕರು ಮುಳ್ಳಿನ ಮಾಪನವನ್ನು ಗೊತ್ತುಪಡಿಸಿದರು.

ಪಾದರಸವು ಹೋದುದಕ್ಕೆ ಮಾತ್ರ ನಾವು ಮರುಗಬೇಕಾಗಿಲ್ಲ. ಜಪಾನಿನ ಮಿನಮಾಟಾದಲ್ಲಿ ಅದು ಮೀನುಗಳ ಮೂಲಕ ಮನುಷ್ಯರ ನರಮಂಡಲವನ್ನು ಕೆಡಿಸಿದ ಸಂಗತಿ 1956ರಲ್ಲಿ ಬೆಳಕಿಗೆ ಬಂದಿತು. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವೊಂದಾಯಿತು. 2018ರಲ್ಲಿ ಭಾರತವೂ ಅದನ್ನು ಸ್ಥಿರೀಕರಿಸಿತು. ಹಳೆಯ ಕ್ಯಾಮರಾದೊಳಗೆ ಪಾದರಸದ ಕೋಶವಿದ್ದರೆ ಅದನ್ನು ಒಡೆಯಬಾರದು, ಸುಡಬಾರದು, ತಿಪ್ಪೆಗೆ ಎಸೆಯಲೂ ಬಾರದು; ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಇನ್ನು ಬದಲಿ ಕೋಶಗಳನ್ನು ನೋಡೋಣ. ಸಾಮಾನ್ಯ ಕ್ಷಾರಕೋಶವು 1.5 ವೋಲ್ಟಿನಿಂದ ಆರಂಭಿಸಿ ಬಳಸಿದಂತೆಲ್ಲ ಇಳಿಯುತ್ತ ಹೋಗುತ್ತದೆ. ಬೆಳಕು ಹೆಚ್ಚಿದಂತೆ ಮಾಪಕದ ಕ್ಯಾಡ್ಮಿಯಂ ಸಲ್ಫೈಡಿನ ರೋಧ ತಗ್ಗಿ, ಪ್ರವಾಹ ಏರಿ, ಮುಳ್ಳು ಸರಿಯುತ್ತದೆಯಷ್ಟೆ. ವೋಲ್ಟೇಜು ಹೆಚ್ಚಾದರೂ ಪ್ರವಾಹ ಏರುತ್ತದೆ; ಇಲ್ಲದ ಬೆಳಕನ್ನು ಮುಳ್ಳು ಇದೆಯೆಂದು ಹೇಳುತ್ತದೆ. ಅದನ್ನು ನಂಬಿದವನ ಫಿಲ್ಮಿಗೆ ಬೆಳಕು ಸಾಲದೆ, ಚಿತ್ರದ ನೆರಳಿನ ಭಾಗಗಳು ಬರಿಯ ಕಪ್ಪಾಗಿ ಉಳಿಯುತ್ತವೆ. ಬೆಳ್ಳಿ ಆಕ್ಸೈಡಿನ ಕೋಶವು ಸ್ಥಿರವಾದುದು, ಆದರೆ ಅದರ ವೋಲ್ಟೇಜು 1.55. ಹೆಚ್ಚಿನ 0.2 ವೋಲ್ಟನ್ನು ತಕ್ಕ ಡಯೋಡೊಂದನ್ನು ಸರಣಿಯಲ್ಲಿ ಜೋಡಿಸಿ ಇಳಿಸಬಹುದು. ಕಿವಿಯಂತ್ರಕ್ಕೆಂದು ಮಾರುವ 675 ಸಂಖ್ಯೆಯ ಸತು-ಗಾಳಿ ಕೋಶವು ಸುಮಾರು 1.4 ವೋಲ್ಟನ್ನು ಕೊಡುತ್ತದೆ. ಅಗಲ ಕಡಿಮೆಯಾದುದರಿಂದ ಅದರ ಸುತ್ತ ಒಂದು ಬಳೆ ಬೇಕು. ಮೇಲಿನ ಅಂಟುಚೀಟಿ ಕಿತ್ತೊಡನೆ ಗಾಳಿ ಒಳಹೊಕ್ಕು, ಬಳಸಲಿ ಬಿಡಲಿ, ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಅದರ ಆಯುಸ್ಸು ಮುಗಿಯುತ್ತದೆ.

ಕೋಶವನ್ನು ಬದಲಿಸುವ ಮುನ್ನ ಮಾಪಕದ ಮಂಡಲವನ್ನೂ ವಿಚಾರಿಸಬೇಕು. 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಕ್ಯಾಮರಾದಲ್ಲಿರುವುದು ವ್ಹೀಟ್‌ಸ್ಟನ್ ಸೇತುವೆ. ಸಮತೋಲದಲ್ಲಿ ಗ್ಯಾಲ್ವನೋಮೀಟರಿನೊಳಗೆ ಪ್ರವಾಹವೇ ಇರದು. ಸಮತೋಲದ ನಿಯಮದಲ್ಲಿ ಬರುವುದು ರೋಧಗಳ ಪ್ರಮಾಣ ಮಾತ್ರ, ಕೋಶದ ವೋಲ್ಟೇಜಲ್ಲ. ಆದುದರಿಂದ 1.55 ವೋಲ್ಟಿನ ಕೋಶವೂ ಅದಕ್ಕೆ ಸಲ್ಲುತ್ತದೆ. ಪರೀಕ್ಷೆಗಾಗಿ ನಾವು ಬಾಯಿಪಾಠ ಮಾಡುವ ಸೂತ್ರವೊಂದು ಕ್ಯಾಮರಾದೊಳಗೆ ಕುಳಿತು ದುಡಿಯುತ್ತಿರುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ದುರಸ್ತಿ ಸರಿಯಾಯಿತೇ ಎಂಬುದನ್ನು ಪರೀಕ್ಷಿಸಲು ನಮ್ಮ ಮುದಗಲ್ಲಿನ ಬಿಸಿಲೇ ಸಾಕು. ಮೋಡವಿಲ್ಲದ ಹಗಲಿನಲ್ಲಿ, ನೇರ ಬಿಸಿಲಿಗೆ ಮೈಯೊಡ್ಡಿದ ಕೋಟೆಯ ಗೋಡೆಯತ್ತ ಕ್ಯಾಮರಾವನ್ನು ಹಿಡಿಯಿರಿ. ಫಿಲ್ಮಿನ ವೇಗ 100 ಆಗಿದ್ದರೆ ಎಫ್ 16ಕ್ಕೆ ಸೆಕೆಂಡಿನ 125ನೆಯ ಒಂದು ಭಾಗದ ಆಸುಪಾಸನ್ನು ಮಾಪಕವು ತೋರಿಸಬೇಕು. ಅನಂತರ ಬಾಗಿಲಿನ ನೆರಳಿಗೆ ಬಂದು, ನಂಬತಕ್ಕ ಇನ್ನೊಂದು ಮಾಪಕದೊಡನೆ ಹೋಲಿಸಿರಿ. ಬಿಸಿಲಿನಲ್ಲಿ ಸತ್ಯ ನುಡಿದು ನೆರಳಿನಲ್ಲಿ ತಪ್ಪುವ ಮಾಪಕಗಳುಂಟು.

ಫಿಲ್ಮು ದುಬಾರಿಯಾಗಿರುವಾಗ, ಎಲ್ಲರ ಕೈಯಲ್ಲಿಯೂ ಮೊಬೈಲಿರುವಾಗ ಈ ಶ್ರಮವೇಕೆಂದು ಕೇಳುವವರಿದ್ದಾರೆ. ಚಿತ್ರವಷ್ಟೇ ಬೇಕಾದವರಿಗೆ ಈ ಪ್ರಶ್ನೆ ನ್ಯಾಯವಾದುದೇ. ಆದರೆ ವಿಜ್ಞಾನದ ವಿದ್ಯಾರ್ಥಿಗೆ ಬೇಕಾದುದು ಚಿತ್ರವೊಂದೇ ಅಲ್ಲ. ಮುಚ್ಚಿದ ಮೊಬೈಲಿನಲ್ಲಿ ಅವನು ಕಾಣಲಾರದ ಕಾರ್ಯಕಾರಣ ಸಂಬಂಧವನ್ನು ಈ ಹಳೆಯ ಯಂತ್ರವು ಒಂದು ಮುಳ್ಳಿನ ತುದಿಯಲ್ಲಿ ತೋರಿಸುತ್ತದೆ. ಕಾಲೇಜುಗಳು ಇಂಥ ಕ್ಯಾಮರಾಗಳನ್ನು ಊರಿನ ಮನೆಗಳಿಂದ ಬೇಡಿ ತಂದು, ಒಂದು ವೋಲ್ಟ್‌ಮೀಟರಿನೊಡನೆ ವಿದ್ಯಾರ್ಥಿಗಳ ಮುಂದಿಡಬೇಕು. ಗುಂಡಿಯಲ್ಲಿ ಯಾವ ಕೋಶ ಹಿಡಿಸುತ್ತದೆ ಎಂದು ಕೇಳುವವನು ಗಿರಾಕಿ. ಈ ಯಂತ್ರವು ಕೋಶದಿಂದ ಏನನ್ನು ಬಯಸುತ್ತದೆ ಎಂದು ಕೇಳುವವನು ವಿಜ್ಞಾನಿ. ಎರಡನೆಯ ಪ್ರಶ್ನೆಯನ್ನು ಕೇಳಲು ಕಲಿತ ಹುಡುಗ ಹುಡುಗಿಯರು ನಾಳೆ ಇನ್ನಾವ ಯಂತ್ರವನ್ನೂ ವಿಚಾರಿಸದೆ ಗುಜರಿಗೆ ಹಾಕರು.