ಪಿ.ಟಿ. ಮೇಷ್ಟ್ರಿಗೆ 16 ವರ್ಷ ಕೊಡುತ್ತೇವಾ?

ಕುರುಬೂರಿನ ಚೈತ್ರಾ ಹೆಸರು ಈಗ ನಮ್ಮ ಕಡೆ ಯಾರಿಗೂ ಹೊಸದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ಕೊನೇ ಸರದಿಯಲ್ಲಿ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಎದುರಾಳಿಗಳ ಕೈಗೆ ಸಿಗದೆ ಓಡಿದ ಗುಂಪಿನ ಮುಂದೆ ಇದ್ದದ್ದು ತಿ.ನರಸೀಪುರ ತಾಲ್ಲೂಕಿನ ಈ ಹುಡುಗಿ.

ಆಮೇಲೆ ಏನಾಯಿತು ಅನ್ನುವುದೂ ನಿಮಗೆ ನೆನಪಿರಬಹುದು. ರಾಜ್ಯ ಸರ್ಕಾರ ಚೈತ್ರಾ ಮತ್ತು ಪುರುಷರ ತಂಡದ ಗೌತಮ್ ಅವರಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಬೇಡ ಅಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ ಎರಡೂಕಾಲು ಕೋಟಿ ರೂಪಾಯಿ ಮತ್ತು ಸರ್ಕಾರಿ ಕೆಲಸ ಕೊಟ್ಟಿದೆ, ನಮಗ್ಯಾಕೆ ಇಷ್ಟು ಅನ್ನುವುದು ಅವರ ಪ್ರಶ್ನೆ. ಟೀ ಅಂಗಡಿಯಿಂದ ವಾಟ್ಸ್‌ಆ್ಯಪ್ ಗುಂಪಿನವರೆಗೆ ಎಲ್ಲರೂ ಲೆಕ್ಕ ಹಾಕಿದರು. ಅವರು ಕೇಳಿದ್ದು ಸರಿಯೇ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಇಷ್ಟೆಲ್ಲ ಮಾತಿನ ನಡುವೆ ಒಬ್ಬರ ಲೆಕ್ಕ ಯಾರೂ ಹಾಕಲಿಲ್ಲ. ಊರಿನ ಶಾಲೆಯ ಪಿ.ಟಿ. ಮೇಷ್ಟ್ರದ್ದು. ಖೋಖೋ ಕಂಬದ ಹತ್ತಿರ ಹೇಗೆ ಕೂರಬೇಕು, ಹೇಗೆ ಏಳಬೇಕು ಅಂತ ಮಕ್ಕಳಿಗೆ ಮೊದಲು ಹೇಳಿಕೊಡುವವರು ಅವರೇ. ವಿಶ್ವಕಪ್‌ಗೆ ಮುಂಚಿನ ಕ್ಯಾಂಪಿನಲ್ಲಿ ಸಿಗುವ ಕೋಚ್ ಆಮೇಲೆ.

ನಮ್ಮ ಎರಡು ತಾಲ್ಲೂಕುಗಳಲ್ಲಿ ಪಿ.ಟಿ. ಮೇಷ್ಟ್ರು ಅಂದರೆ ಯಾರು? ಬೆಳಗ್ಗೆ ಪ್ರಾರ್ಥನೆಗೆ ಸೀಟಿ ಊದುವವರು. ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವವರು. ಆಗಸ್ಟ್ 15ಕ್ಕೆ ಪಥಸಂಚಲನ ಮಾಡಿಸುವವರು. ಲೆಕ್ಕದ ಮೇಷ್ಟ್ರು ರಜೆ ಹಾಕಿದರೆ ಆ ಪೀರಿಯಡ್ಡಿಗೆ ಕೂರುವವರು. ಚುನಾವಣೆ ಬಂದರೆ ಡ್ಯೂಟಿ, ಗಣತಿ ಬಂದರೆ ಮನೆಮನೆ. ಇದೆಲ್ಲ ಮುಗಿದು ಸಂಜೆ ಒಂದು ಗಂಟೆ ಉಳಿದರೆ ಅದು ಆಟಕ್ಕೆ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದರೆ ಅದೂ ಸ್ಪೆಷಲ್ ಕ್ಲಾಸಿಗೆ ಹೋಗುತ್ತದೆ. ಸಹಶಿಕ್ಷಕರಿಗೆ ಇರುವ ಸ್ಥಾನಮಾನವೇ ನಮಗೂ ಬೇಕು, ವೈದ್ಯನಾಥನ್ ವರದಿ ಜಾರಿ ಮಾಡಿ ಅಂತ ರಾಜ್ಯದ ದೈಹಿಕ ಶಿಕ್ಷಕರು ಎಷ್ಟೋ ವರ್ಷಗಳಿಂದ ಮನವಿ ಕೊಡುತ್ತಲೇ ಇದ್ದಾರೆ. ಅಂಥ ಮನವಿ ಕೊಟ್ಟ ಸುದ್ದಿಯನ್ನು ನಾನೂ ಬರೆದು ಕಳಿಸಿದ್ದೇನೆ. ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು.

ಕೋಚ್ ಒಬ್ಬನಿಗೆ ಕಾಲ ಕೊಟ್ಟರೆ ಏನಾಗಬಹುದು ಅನ್ನುವುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮಲ್ಲಿ ಐಪಿಎಲ್ ಇದ್ದ ಹಾಗೆ. ಅಲ್ಲಿ ಎಲ್ಲರಿಗಿಂತ ದೊಡ್ಡ ಕೋಚ್ ಅಂತ ಬಹಳ ಜನ ಹೇಳುವುದು ಜಾನ್ ವುಡನ್ ಎಂಬುವರನ್ನು. ಹುಟ್ಟಿದ್ದು 1910ರಲ್ಲಿ, ಇಂಡಿಯಾನಾ ರಾಜ್ಯದ ಒಂದು ಹಳ್ಳಿಯಲ್ಲಿ. ಅಪ್ಪ ಬೇಸಾಯಗಾರ. ಸಾಕಿದ್ದ ಹಂದಿಗಳು ಸತ್ತು, ಸಾಲ ತೀರಿಸಲಾಗದೆ ಜಮೀನು ಕೈಬಿಟ್ಟು ಪಟ್ಟಣ ಸೇರಿದ ಮನೆ. (ಈ ಕಥೆ ನಮಗೆ ಗೊತ್ತಿಲ್ಲದ್ದೇನಲ್ಲ.) ಮಗ ಕಾಲೇಜಿನಲ್ಲಿ ಒಳ್ಳೇ ಆಟಗಾರನಾದ. ಓದು ಮುಗಿಸಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾದ, ಸಂಜೆ ಹುಡುಗರಿಗೆ ಆಟ ಕಲಿಸಿದ. ಕೋಚ್ ಆದ ಮೊದಲ ವರ್ಷ ಅವರ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

1947ರಲ್ಲಿ ಅವರು ಇಂಡಿಯಾನಾದ ಒಂದು ಕಾಲೇಜಿನ ಕೋಚ್ ಆಗಿದ್ದಾಗ ರಾಷ್ಟ್ರಮಟ್ಟದ ಟೂರ್ನಿಗೆ ಆಹ್ವಾನ ಬಂತು. ಆ ಟೂರ್ನಿಯಲ್ಲಿ ಕಪ್ಪು ಜನಾಂಗದ ಆಟಗಾರರಿಗೆ ಅವಕಾಶ ಇರಲಿಲ್ಲ. ವುಡನ್ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕಪ್ಪು ಹುಡುಗ ಇದ್ದ, ಅವನೇನೂ ದೊಡ್ಡ ಸ್ಟಾರ್ ಅಲ್ಲ. ಅವನನ್ನು ಬಿಟ್ಟು ನಾವು ಬರಲ್ಲ ಅಂತ ವುಡನ್ ಟೂರ್ನಿಯನ್ನೇ ಬಿಟ್ಟರು. ಮರುವರ್ಷ ಆ ನಿಯಮ ಬದಲಾಯಿತು, ವಾಕರ್ ಆಡಿದ. ಯಾವ ಕೇರಿಯ ಹುಡುಗ ಯಾವ ತಂಡದಲ್ಲಿ ಆಡಬೇಕು ಅಂತ ಇವತ್ತಿಗೂ ನೋಡುವ ಊರುಗಳಲ್ಲಿ ನಾವಿದ್ದೇವೆ. ಅದಕ್ಕೇ ಇದನ್ನು ಸ್ವಲ್ಪ ಉದ್ದ ಬರೆದೆ.

1948ರಲ್ಲಿ ವುಡನ್ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸಿಕ್ಕಿದ್ದು ಹಳೇ ಕಟ್ಟಡದ ಮೇಲ್ಮಹಡಿಯ ಒಂದು ಜಿಮ್. ಒಂದು ಪಕ್ಕ ಕುಸ್ತಿಯವರು, ಇನ್ನೊಂದು ಪಕ್ಕ ಜಿಮ್ನಾಸ್ಟಿಕ್ಸ್‌ನವರು. ಅಭ್ಯಾಸಕ್ಕೆ ಮುಂಚೆ ನೆಲದ ಧೂಳನ್ನು ಕೋಚೇ ಗುಡಿಸಿ ಒರೆಸುತ್ತಿದ್ದರು. ಪ್ರತಿ ವರ್ಷ ಮೊದಲ ದಿನದ ಪಾಠ ಕಾಲುಚೀಲ ಹಾಕುವುದು, ಲೇಸು ಕಟ್ಟುವುದು. ಚೀಲ ಮಡಿಚಿಕೊಂಡರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದವನು ಓಡಲಾರ.

ಮೊದಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬಂದದ್ದು 1964ರಲ್ಲಿ. ಅಂದರೆ ಸೇರಿ 16 ವರ್ಷ ಆದ ಮೇಲೆ! ಅಲ್ಲಿಂದ 1975ರವರೆಗಿನ 12 ವರ್ಷದಲ್ಲಿ 10 ಪಟ್ಟ. ನಡುವೆ ಸತತ 88 ಪಂದ್ಯ ಗೆದ್ದರು. ಇವತ್ತು ಅಲ್ಲಿನ ಕೋಚ್‌ಗಳು ಕೋಟಿಗಟ್ಟಲೆ ಎಣಿಸುತ್ತಾರೆ. ವುಡನ್ ಸಂಬಳ ಮಾತ್ರ ಯಾವತ್ತೂ ವರ್ಷಕ್ಕೆ 35 ಸಾವಿರ ಡಾಲರ್ ದಾಟಲಿಲ್ಲ.

ಅಮೆರಿಕ ಎಲ್ಲಿ, ನಂಜನಗೂಡು ಎಲ್ಲಿ ಅಂತ ನೀವು ಕೇಳುತ್ತೀರಿ. ದುಡ್ಡಿನ ವಿಷಯದಲ್ಲಿ ಹೋಲಿಕೆ ಇಲ್ಲ, ಒಪ್ಪಿದೆ. ಆದರೆ ಆ 16 ವರ್ಷದಲ್ಲಿ ವುಡನ್‌ಗೆ ಸಿಕ್ಕಿದ್ದು ದುಡ್ಡಲ್ಲ, ಸರಿಯಾದ ಅಂಕಣವೂ ಅಲ್ಲ. ಅದೇ ಜಾಗ, ದಿನಾ ಅದೇ ಹೊತ್ತು, ಬೇರೆ ಕೆಲಸಕ್ಕೆ ಎಳೆಯದ ಒಂದು ಆಡಳಿತ. ಅಷ್ಟನ್ನು ನಾವೂ ಕೊಡಬಹುದು. ನಮ್ಮಲ್ಲಿ ಆಗುವುದೇ ಬೇರೆ. ದಸರಾ ಕ್ರೀಡಾಕೂಟಕ್ಕೆ ಹದಿನೈದು ದಿನ ಇದೆ ಅನ್ನುವಾಗ ತಂಡ ಕಟ್ಟುತ್ತೇವೆ. ತಾಲ್ಲೂಕು ಮಟ್ಟದಲ್ಲಿ ಸೋತರೆ ಮೇಷ್ಟ್ರು ಸರಿಯಿಲ್ಲ, ಗೆದ್ದರೆ ಹುಡುಗರು ಹುಷಾರು.

ಕಾಲೇಜುಗಳ ಕಥೆ ಇನ್ನೂ ತೆಳು. ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಅನ್ನುವ ಹುದ್ದೆಯಾದರೂ ಇದೆ. ನಾನು ಓದಿದ ಪಿಯು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬ ಇತ್ತು, ರಿಂಗ್ ಇರಲಿಲ್ಲ, ಕಲಿಸುವವರೂ ಇರಲಿಲ್ಲ. ಹೈಸ್ಕೂಲಿನಲ್ಲಿ ಮೇಷ್ಟ್ರ ಕೈಯಲ್ಲಿ ಪಳಗಿದ ಹುಡುಗಿ ಹದಿನಾರನೇ ವಯಸ್ಸಿಗೆ ಅಂಥ ಕಾಲೇಜಿಗೆ ಬರುತ್ತಾಳೆ, ಅಲ್ಲಿಗೆ ಆಟ ನಿಲ್ಲುತ್ತದೆ. ಮನೆಯವರು ಬೇಡ ಅಂದರು ಅಂತ ನಾವು ಬರೆದುಬಿಡುತ್ತೇವೆ. ಎಷ್ಟೋ ಸಲ ಮನೆಯವರು ಬೇಡ ಅಂದಿರುವುದಿಲ್ಲ, ಸಂಜೆ ಐದರ ಬಸ್ಸು ತಪ್ಪಿದರೆ ಮುಂದಿನದು ಯಾವಾಗ ಅಂತ ಮಾತ್ರ ಕೇಳಿರುತ್ತಾರೆ.

ಬಹುಮಾನದ ವಿಷಯಕ್ಕೆ ಬರುತ್ತೇನೆ. ಅಂತಾರಾಷ್ಟ್ರೀಯ ಕೂಟದಲ್ಲಿ ಗೆದ್ದವರಿಗೆ ಕೇಂದ್ರ ಕೊಡುವ ನಗದು ಪ್ರಶಸ್ತಿ ಯೋಜನೆಯ ಹೆಸರಿನಲ್ಲೇ ಅವರ ತರಬೇತುದಾರರೂ ಇದ್ದಾರೆ. ನಮ್ಮ ರಾಜ್ಯ ಮುಂದೆ ಬಹುಮಾನ ಘೋಷಿಸುವಾಗ, ಅದು 5 ಲಕ್ಷವಾಗಲಿ 2 ಕೋಟಿಯಾಗಲಿ, ಆ ಆಟಗಾರರಿಗೆ ಮೊದಲು ಕಲಿಸಿದ ಶಾಲೆ ಅಥವಾ ಕಾಲೇಜಿನ ಮೇಷ್ಟ್ರ ಹೆಸರನ್ನೂ ಅದೇ ಆದೇಶದಲ್ಲಿ ಬರೆಯಲಿ. ಆಟಗಾರರ ಪಾಲಿನಿಂದ ಕಿತ್ತು ಅಲ್ಲ, ಬೇರೆಯಾಗಿ ಕೊಡಲಿ. ಶಾಲೆಗೆ ಒಂದಿಷ್ಟು ಮ್ಯಾಟ್, ಚೆಂಡು, ನೆಟ್ ಬಂದರೂ ಸರಿ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ನಿಮ್ಮ ಊರಿನ ಶಾಲೆಯಲ್ಲಿ ಎಸ್‌ಡಿಎಂಸಿ ಸಭೆ ಕರೆದಾಗ ಹೋಗಿ. ವೇಳಾಪಟ್ಟಿಯಲ್ಲಿ ಪಿ.ಟಿ. ಪೀರಿಯಡ್ ಎಷ್ಟಿದೆ, ಕಳೆದ ತಿಂಗಳು ಅದರಲ್ಲಿ ಎಷ್ಟು ಪೀರಿಯಡ್ ಮೈದಾನದಲ್ಲಿ ನಡೆಯಿತು ಅಂತ ಕೇಳಿ. ಪಿ.ಟಿ. ಮೇಷ್ಟ್ರೂ ಅಲ್ಲೇ ಕೂತಿರುತ್ತಾರೆ, ಹೆಚ್ಚಾಗಿ ಹಿಂದಿನ ಬೆಂಚಿನಲ್ಲಿ. ಉತ್ತರ ಅವರೇ ಹೇಳಲಿ.