ಬೆಣ್ಣೆದೋಸೆಯ ಹೆಸರು ಯಾರದು?

ದಾವಣಗೆರೆ-ಹರಿಹರ ರಸ್ತೆಯಲ್ಲಿ ಬಾತಿಯ ಸಮೀಪದ ಹೋಟೆಲೊಂದರಲ್ಲಿ ಈಚೆಗೆ ‘ಪಿಜ್ಜಾ ಬೆಣ್ಣೆದೋಸೆ’ ತಿಂದೆ. ಚೀಸ್, ದೊಣ್ಣೆಮೆಣಸಿನಕಾಯಿ, ಮೆಕ್ಕೆಜೋಳದ (ಅದು ಮಾತ್ರ ನಮ್ಮ ಜಿಲ್ಲೆಯದೇ ಬೆಳೆ) ರಾಶಿಯಡಿ ದೋಸೆ ಮೆತ್ತಗಾಗಿತ್ತು. ಮೇಲೆ ಏನು ಹರಡಬೇಕೆಂಬುದು ಗಿರಾಕಿಯ ಇಚ್ಛೆ. ನನ್ನ ಆಕ್ಷೇಪವಿರುವುದು ಹೆಸರಿನ ಬಗ್ಗೆ. ಅಕ್ಕಿ, ಉದ್ದಿನೊಡನೆ ಮಂಡಕ್ಕಿ ರುಬ್ಬಿ, ಹುದುಗಿಸಿ, ಸೌದೆ ಒಲೆಯ ಕಾವಲಿಯ ಮೇಲೆ ಧಾರಾಳ ಬೆಣ್ಣೆಯಲ್ಲಿ ಗರಿಗರಿಯಾಗಿ ಬೇಯಿಸಿದ್ದಕ್ಕೇ ಆ ಹೆಸರು ಸಲ್ಲುತ್ತದೆ. ಊರಿನ ಹೆಸರು ಎಲ್ಲರ ಸ್ವತ್ತು. ಒಬ್ಬನು ಅದನ್ನು ಸವೆಸಿದರೆ ನಷ್ಟ ಉಳಿದ ಭಟ್ಟರದು.

ನೇಪಲ್ಸ್ ಪಿಜ್ಜಾಕ್ಕೆ ಐರೋಪ್ಯ ಒಕ್ಕೂಟವು 2010ರಲ್ಲಿ ಮಾನ್ಯತೆ ನೀಡಿದಾಗ ಹಿಟ್ಟು, ಹುದುಗು, ಸೌದೆ ಒಲೆ ಎಲ್ಲವನ್ನೂ ಲಿಖಿತವಾಗಿ ನಿಗದಿಪಡಿಸಿತು. ನಮ್ಮ ಹೋಟೆಲ್ ಮಾಲೀಕರೂ ಅಂಥದೊಂದು ನಿಯಮಪತ್ರ ಬರೆದಿಡಲಿ. ಬಾತಿಯ ಆ ತಿಂಡಿ ಬೇರೆ ಹೆಸರಿನಲ್ಲಿ ಮಾರಾಟವಾಗಲಿ. ಮೊಮ್ಮಗನಿಗಾಗಿ ನಾನೂ ಕೊಳ್ಳುತ್ತೇನೆ.