ವೈನ್ ತೋಟ ನೋಡಿ ಮರುಳಾಗಬ್ಯಾಡ್ರಿ

ಮೊನ್ನೆ ಗೆಳೆಯರ ಕೂಡ ನಾಸಿಕ್‌ನಾಗ ಒಂದು ದಿನ ಸುತ್ತಾಡಿದೆವು. ಗಂಗಾಪುರ ಡ್ಯಾಮಿನ ಹಿನ್ನೀರು, ಸುತ್ತ ವೈನ್ ತೋಟ, ಗ್ಲಾಸ್ ಹಿಡಿದ ಮುಂಬೈ ಮಂದಿ. ಚಂದ ಐತಿ, ಸುಳ್ಳು ಹೇಳೂದಿಲ್ಲ. ಆದರೆ ವಾಪಸ್ ಬರುವಾಗ ಗಾಡ್ಯಾಗ ಒಂದೇ ಮಾತು: ನಾವೂ ಥಾಮ್ಸನ್ ಕಿತ್ತು ವೈನ್ ದ್ರಾಕ್ಷಿ ಹಚ್ಚೂಣು!

ಹಚ್ಚಬ್ಯಾಡ್ರಿ. ಥಾಮ್ಸನ್ ರೇಟ್ ಬಿದ್ದರೆ ನಮ್ಮ ವಿಜಯಪುರದಾಗ ಶೆಡ್ಡಿಗೆ ಹಾಕಿ ಮಣೂಕ ಮಾಡ್ತೀವಿ, ಕೋಲ್ಡ್ ಸ್ಟೋರೇಜ್‌ನಾಗ ಇಟ್ಟು ಕಾಯ್ತೀವಿ. ಶಿರಾಜ್, ಕ್ಯಾಬರ್ನೆ ಹಣ್ಣು ಸಣ್ಣದು, ಸಿಪ್ಪಿ ದಪ್ಪ, ಒಳಗ ಬೀಜ. ಸಂತ್ಯಾಗ ಯಾರೂ ಮೂಸೂದಿಲ್ಲ. ವೈನರಿ ಒಂದೇ ಗಿರಾಕಿ, ಅವರು ಬ್ಯಾಡ ಅಂದರ? 2008ರ ನಂತರ ವೈನ್ ಮಾರಾಟ ಕುಸಿದಾಗ ಅದೇ ನಾಸಿಕ್ ಕಡೆ ಎಷ್ಟೋ ರೈತರು ಬಳ್ಳಿ ಕಿತ್ತು ಒಗೆದರು. ತೋಟ ತೋರಿಸಿದ ಹುಡುಗ ಇದನ್ನ ಹೇಳಲಿಲ್ಲ. ನಾವೂ ಕೇಳಲಿಲ್ಲ, ಕೈಯಾಗ ಗ್ಲಾಸ್ ಇತ್ತಲ್ಲ.

ರೇಟು, ಬ್ರಿಕ್ಸ್, ಎಷ್ಟು ವರ್ಷ ಅಂತ ಬರೆದ ಕರಾರು ಮೊದಲು ತೋರಿಸ್ರಿ. ಆಮ್ಯಾಲ ಸಸಿ ತರಾಕ ನಾನೇ ಬರ್ತೀನಿ.